ಲಕ್ಷಿತನ ಎಲೆಯಲ್ಲಿ ಉಂಡವನು

ಆ ಎಸಿ ಸ್ವಲ್ಪ ಬಂದ್ ಮಾಡಿ ಮಾರಾಯ್ರೇ. ಇದು ಸದ್ದಿನ ಕತೆ... ಸದ್ದು ಸರಿಯಾಗಿ ಕೇಳದಿದ್ದರೆ ನಾನು ಹೇಳಿಯೂ ಪ್ರಯೋಜನ ಇಲ್ಲ. ಮತ್ತೆ, ನಡುವೆ ಯಾರೂ ನಗಬಾರದು. ನಗುವವರು ಈಗಲೇ ಎದ್ದು ಹೋಗಿ ಮಲಗಿ. ಯಾರೋ ಹೇಳಿದ್ದನ್ನು ಯಾರೋ ಕೇಳಿದ್ದಲ್ಲ ಇದು. ನನ್ನ ದೊಡ್ಡಪ್ಪನ ಮಗ ಸಂಕಪ್ಪಣ್ಣನಿಗೇ ಆದದ್ದು. ಇಲ್ಲೇ, ಈ ಅರಬರ ನಾಡಲ್ಲೇ, ಅಲ್ ಮಬೇಲಾದಲ್ಲಿ, ಮೂರು ವರ್ಷದ ಹಿಂದೆ.

ಆಟಿ ತಿಂಗಳು, ಅಂದರೆ ಆಷಾಢ. ಊರಲ್ಲಿ ಜಡಿಮಳೆ, ಇಲ್ಲಿ ಬೆಂಕಿ. ರಾತ್ರಿ ಹನ್ನೊಂದೂವರೆಗೆ ಸಂಕಪ್ಪಣ್ಣ ಅಂಗಡಿ ಮುಚ್ಚಿ ಮನೆಗೆ ನಡೆದು ಬರುತ್ತಿದ್ದ. ದಾರಿಯಲ್ಲಿ ಪಾಳುಬಿದ್ದ ಒಂದು ಖರ್ಜೂರದ ತೋಟ ಉಂಟು. ತೋಟದ ಮೂಲೆಯಲ್ಲಿ ಬೋರೆ ಮರ, ಮರದ ಬುಡದಲ್ಲಿ ಕಟ್ಟೆ ಒಡೆದ ಬಾವಿ. ನೀರು ಉಪ್ಪಾಗಿ ಯಾರೂ ಮುಟ್ಟದ ಬಾವಿ. ಅವನ ಕೈಯಲ್ಲಿ ಒಂದು ಚೀಲ. ಚೀಲದೊಳಗೆ ಒಂದು ಟೊಪ್ಪಿ.

ಎಂಥ ಟೊಪ್ಪಿ ಅಂತ ಮೊದಲು ಹೇಳ್ತೇನೆ. ಸಂಕಪ್ಪಣ್ಣನಿಗೆ ಹಗಲು ಕಾರಿನ ಸೀಟಿಗೆ ಚರ್ಮ ಹೊಲಿಯುವ ಕೆಲಸ. ಸಂಜೆಯಾದ ಮೇಲೆ ಬೇರೆಯೇ ಹುಚ್ಚು. ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸುವ ಜಪಾನಿಯರು ಹಾಕುತ್ತಿದ್ದರಲ್ಲ, ಕಂದು ಚರ್ಮದ ಟೊಪ್ಪಿ, ಒಳಗೆ ಮೊಲದ ರೋಮ, ಕಿವಿಯ ಹತ್ತಿರ ದುಂಡಗಿನ ದಿಂಬು, ಗಲ್ಲದ ಅಡಿಗೆ ಪಟ್ಟಿ... ಅದನ್ನು ಹಾಗೆಯೇ ಹೊಸತಾಗಿ ಮಾಡುವುದು, ಹಳತು ಸಿಕ್ಕಿದರೆ ರಿಪೇರಿ ಮಾಡುವುದು. ಇಂಥದ್ದನ್ನು ಕೂಡಿಡುವ ಜನ ಲೋಕದಲ್ಲೆಲ್ಲ ಇದ್ದಾರಂತೆ. ಹಳೆ ಟೊಪ್ಪಿ ಹೊಲಿಯುವಾಗ ಅವನು ಒಂದು ಹೊಸ ತೂತು ಹಾಕಲಿಕ್ಕಿಲ್ಲ. ಎಂಬತ್ತು ವರ್ಷದ ಹಿಂದೆ ಸೂಜಿ ಹೋದ ತೂತಿನಲ್ಲೇ ಇವನ ಸೂಜಿಯೂ ಹೋಗಬೇಕು. ಅಂಥ ಕೈ ಅವನದ್ದು.

ಆವತ್ತು ಚೀಲದಲ್ಲಿದ್ದದ್ದು ಅಸಲಿ ಮಾಲು. ಬರ್ಕಾದ ಒಬ್ಬ ಅರ್ಬಾಬ್, ಅಂದರೆ ಅರಬಿ ಧಣಿ, ಎಲ್ಲಿಂದಲೋ ಹರಾಜಿನಲ್ಲಿ ತಂದದ್ದು. ಎಲ್ಲ ಚೆನ್ನಾಗಿಯೇ ಇತ್ತು, ಎಡಗಿವಿಯ ಮೇಲೆ ಮಾತ್ರ ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತು. ಅಂಚು ಹೊರಗಡೆಗೆ ಮಗುಚಿತ್ತು. "ಮುಚ್ಚಿಬಿಡು, ಗೊತ್ತೇ ಆಗಬಾರದು" ಅಂದಿದ್ದನಂತೆ ಅರ್ಬಾಬ್. ಸಂಕಪ್ಪಣ್ಣ ಒಳಗಿನಿಂದ ಚರ್ಮದ ತೇಪೆ ಅಂಟಿಸಿ, ಮೇಣದ ದಾರದಲ್ಲಿ ಹೊಲಿದ. ಅಷ್ಟರಲ್ಲಿ ಅಂಗಡಿಯ ಎಸಿ ಕೈಕೊಟ್ಟಿತು. ಆ ಸೆಕೆಯಲ್ಲಿ ಹಸಿ ಗೋಂದು ನಿಲ್ಲುವುದಿಲ್ಲ, ತೇಪೆ ಜಾರುತ್ತದೆ. ಹಾಗಾಗಿ ಮನೆಗೆ ತಂದ. ತಂದದ್ದು ತಪ್ಪಲ್ಲ... ಇಟ್ಟ ಜಾಗ ತಪ್ಪು. ಅದನ್ನು ಆಮೇಲೆ ಹೇಳ್ತೇನೆ.

ಬಾವಿ ದಾಟುವಾಗ ಕೇಳಿತು.

ಟಿಕ್.

ನಿಂತ. ಗಾಳಿ ಇಲ್ಲ. ಒಂದು ಎಲೆ ಅಲ್ಲಾಡುವುದಿಲ್ಲ.

ಟಿಕ್... ಟಿಕ್...

ಬಕಲ್ ಹಾಕಿ ತೆಗೆಯುವ ಸದ್ದು. ದಿನಾ ಅದನ್ನೇ ಕೈಯಲ್ಲಿ ಹಿಡಿಯುವವನಿಗೆ ಗೊತ್ತಾಗದೆ ಇರುತ್ತದಾ? ಚೀಲದೊಳಗಿನ ಬಕಲಿಗೆ ಅವನೇ ಬಟ್ಟೆ ಸುತ್ತಿದ್ದ, ಅದರಿಂದ ಸದ್ದು ಬರುವ ಹಾಗಿಲ್ಲ. ಸದ್ದು ಬಂದದ್ದು ಬಾವಿಯ ಒಳಗಿನಿಂದ. ಸಂಕಪ್ಪಣ್ಣ ಹಿಂದೆ ನೋಡಲಿಲ್ಲ. ಮನೆಯ ಬಾಗಿಲು ಮುಟ್ಟುವಾಗ ಅಂಗಿ ಹಿಂಡಿದರೆ ನೀರು ಇಳಿಯುತ್ತಿತ್ತು.

ಒಳಗೆ ಅವನ ಹೆಂಡತಿ ಕುಸುಮತ್ತಿಗೆ ಕಾಯುತ್ತಿದ್ದರು. ಆವತ್ತು ಕುಲೆಗಳಿಗೆ ಬಡಿಸುವ ದಿನ. ಮನೆಯಲ್ಲಿ ಸತ್ತವರಿಗೆ ಆಟಿಯಲ್ಲಿ ಎಲೆ ಹಾಕುವ ಕ್ರಮ ನಮ್ಮಲ್ಲಿ ಉಂಟಲ್ಲ, ಅದು. ಒಬ್ಬೊಬ್ಬರ ಹೆಸರು ಹೇಳಿ ಕರೆಯುವುದು, ಬಾಗಿಲು ಎಳೆದು ಹೊರಗೆ ಕೂರುವುದು, ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ ತೆರೆಯುವುದು. ದೊಡ್ಡಮ್ಮ ಬದುಕಿದ್ದಾಗ ಎರಡು ಮಾತು ಹೇಳುತ್ತಿದ್ದರು. ಕರೆದು ಉಣ್ಣಿಸಿದವನಿಗೆ ಮನೆಯಲ್ಲಿ ಹಕ್ಕು ಬರುತ್ತದೆ. ಮತ್ತೆ, 'ನಿನಗೆ ಇಲ್ಲಿ ಎಲೆ ಇಲ್ಲ' ಅಂತ ಒಮ್ಮೆ ಬಾಯಿಬಿಟ್ಟು ಹೇಳಿದರೆ ಆ ಎಲೆಯವರು ಇನ್ನು ಯಾವತ್ತೂ ಬರುವುದಿಲ್ಲ.

ಮೂರು ಎಲೆ. ಅಪ್ಪನದ್ದು, ಅಮ್ಮನದ್ದು, ಮೂರನೆಯದ್ದು ತಮ್ಮ ಲಕ್ಷಿತನದ್ದು. ಅದರ ಹಿಂದಿನ ವರ್ಷ ಬರ್ಕಾ ರಸ್ತೆಯಲ್ಲಿ ಪಿಕಪ್ ಮಗುಚಿ ಸತ್ತವನು ಅವನು. ಓಡಿಸುತ್ತಿದ್ದವನು ಸಂಕಪ್ಪಣ್ಣ. ಒಂದೇ ಒಂದು ಸಲ ಕಣ್ಣು ಮುಚ್ಚಿತಂತೆ... ಅಷ್ಟೇ. ತಮ್ಮನ ಎಡಗಿವಿಯಿಂದ ರಕ್ತ ಇಳಿಯುವುದನ್ನು ರಸ್ತೆ ಬದಿಯಲ್ಲಿ ಕೂತು ನೋಡಿದವನು ಇವನು. ಆಮೇಲೆ ಅವನು ಬಾಯಿ ತುಂಬಾ ನಗಾಡಿದ್ದನ್ನು ನಾನು ಕಾಣಲಿಲ್ಲ. ಅವನಿಗೆ ಇದ್ದದ್ದು ಒಂದೇ ಆಸೆ. ತಮ್ಮ ಒಮ್ಮೆ ಬರಲಿ. ಬೈಯಲಿ, ಹೊಡೆಯಲಿ, ಬರಲಿ.

ಎಸಿ ಇದ್ದದ್ದು ಎಲೆ ಹಾಕಿದ ಕೋಣೆಯಲ್ಲೇ. ಸಂಕಪ್ಪಣ್ಣ ಟೊಪ್ಪಿಯನ್ನು ತೆಗೆದು ಲಕ್ಷಿತನ ಎಲೆಯ ಹಿಂದೆ, ಸತ್ತವನು ಕೂರಲಿ ಅಂತ ಇಟ್ಟ ಮಣೆಯ ಮೇಲೇ ಇಟ್ಟ.

"ಇದೆಂತ ಇಲ್ಲಿ?" ಅತ್ತಿಗೆ ಪಿಸುಗುಟ್ಟಿದರು.

"ಒಣಗಲಿ. ಅವನೂ ನೋಡಲಿ. ಟೊಪ್ಪಿ ಹೊಲಿಯಲಿಕ್ಕೆ ಕಲಿಸಿದ್ದು ನಾನೇ ಅಲ್ವಾ ಅವನಿಗೆ?"

ಅತ್ತಿಗೆ ಟೊಪ್ಪಿಯನ್ನು ಅಲ್ಲೇ ಬಿಟ್ಟು ಬಡಿಸಲಿಕ್ಕೆ ಕೂತರು. ಅಲ್ಲೇ ಎಡವಟ್ಟಾದದ್ದು ನೋಡಿ.

ಅನ್ನ, ಕೋಳಿ ಸುಕ್ಕ, ಲಕ್ಷಿತನಿಗೆ ಅಂತ ಹುರಿದ ಬಂಗುಡೆ. ಆ ಹುಡುಗನಿಗೆ ಮೀನು ಇಲ್ಲದೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಡುಮುಳ್ಳನ್ನು ಒಂದು ಕಡ್ಡಿ ಮುರಿಯದೆ ಬಾಚಣಿಗೆಯ ಹಾಗೆ ಇಡಿಯಾಗಿ ತೆಗೆದು ಎಲೆಯ ಪಕ್ಕ ಮಲಗಿಸುವುದು ಅವನ ಅಭ್ಯಾಸ. ಸಂಕಪ್ಪಣ್ಣ ಕೈ ಮುಗಿದ. "ಬಾ ಲಕ್ಷಿತಾ... ಉಣ್ಣು." ಬಾಗಿಲು ಎಳೆದ.

ಹೊರಗೆ ಇಬ್ಬರೂ ಕೂತರು. ಒಳಗೆ ಮೊದಲು ಏನೂ ಇಲ್ಲ. ಆಮೇಲೆ... ಚಪ್. ಚಪ್. ಚಪ್. ಹಸಿದವನು ಉಸಿರು ಬಿಡದೆ ಉಣ್ಣುವ ಸದ್ದು. ಕೊನೆಗೆ ಗುಳುಕ್ ಅಂತ ನೀರು.

ಕೆಮ್ಮಿ ತೆರೆದರು. ಎರಡು ಎಲೆ ಇದ್ದ ಹಾಗೇ ಇತ್ತು. ಮೂರನೆಯದ್ದರಲ್ಲಿ ಒಂದು ಅಗುಳು ಅನ್ನ ಇಲ್ಲ. ಲೋಟ ಖಾಲಿ. ಕೋಳಿಯನ್ನೂ ಮೀನನ್ನೂ ಎತ್ತಿ ನೆಲಕ್ಕೆ ಬಿಸಾಡಿತ್ತು.

ಸಂಕಪ್ಪಣ್ಣ ನೆಲಕ್ಕೆ ಬಿದ್ದು ಮಗುವಿನ ಹಾಗೆ ಅತ್ತ. "ಬಂದ... ನನ್ನ ತಮ್ಮ ಬಂದ..."

"ಇವರೇ, ಲಕ್ಷಿತ ಮೀನು ಬಿಟ್ಟು ಬರೀ ಅನ್ನ ಉಣ್ಣುತ್ತಾನಾ?"

"ಸುಮ್ಮನಿರು ಮಾರಾಯ್ತಿ. ಬಂದನಲ್ಲ."

ಆ ರಾತ್ರಿ ಎರಡು ಗಂಟೆ ಹತ್ತು ನಿಮಿಷ. ದೂರದಲ್ಲಿ ಶುರುವಾಯಿತು. ಗುಂಯ್ಯ್... ಕಣಜದ ಹುಳದ ಹಾಗೆ. ಹತ್ತಿರ ಬಂತು, ಮನೆಯ ಮೇಲೆ ಬಂತು, ಕಿಟಕಿಯ ಗಾಜು ಗಡಗಡ ಅಂತ ನಡುಗಿತು. ಆಮೇಲೆ ಒಮ್ಮೆಲೇ ನಿಂತಿತು.

ಧಡ್!

ಮಂಚದ ಮೇಲಿದ್ದ ಕುಸುಮತ್ತಿಗೆ ಗೋಡೆಗೆ ಹೋಗಿ ಬಿದ್ದಿದ್ದರು. ಕೆಳತುಟಿ ಸೀಳಿ ಹಲ್ಲು ಕಾಣುತ್ತಿತ್ತು. ರಕ್ತದಲ್ಲಿ ರವಿಕೆ ತೊಯ್ದಿತ್ತು. ಸಂಕಪ್ಪಣ್ಣ ಎಂತ ಮಾಡಿದ ಗೊತ್ತುಂಟಾ? ಕತ್ತಲಿಗೆ ಕೈ ಮುಗಿದ. "ಲಕ್ಷಿತಾ, ಓಡಿಸಿದ್ದು ನಾನು. ನನಗೆ ಹೊಡಿ. ಅವಳಿಗೆ ಬೇಡ." ನನಗೆ ಈಗಲೂ ಅವನ ಮೇಲೆ ಸಿಟ್ಟು ಬರುತ್ತದೆ. ಹೆಂಡತಿಯ ಬಾಯಿ ಒರೆಸುವುದು ಬಿಟ್ಟು ಕತ್ತಲೆಯ ಹತ್ತಿರ ಮಾತಾಡುತ್ತಾನೆ!

ಮಾರನೇ ದಿನ ಸಂಜೆ ಟೆರೆನ್ಸ್ ಮನೆಗೆ ಬಂದ. ಅಂಗಡಿಯಲ್ಲಿ ಮಿಷನಿನಲ್ಲಿ ಹೊಲಿಯುವವನು, ನಮ್ಮ ಮಂಗಳೂರಿನವನೇ. ಪ್ರತೀ ಟೊಪ್ಪಿಯೂ ಕೊನೆಗೆ ಅವನ ತಲೆಗೆ ಏರಲೇಬೇಕು. ಆ ಟೊಪ್ಪಿಗಳು ಸಣ್ಣ, ಸಂಕಪ್ಪಣ್ಣನ ತಲೆ ಕುಂಬಳಕಾಯಿ. ಟೆರೆನ್ಸನಿಗೆ ಮಾತ್ರ ಅಳತೆ ತೆಗೆದ ಹಾಗೆ ಕೂರುತ್ತದೆ. ಹಾಕಿಕೊಂಡ, ಕನ್ನಡಿ ನೋಡಿ ಒಂದು ಸೆಲ್ಯೂಟ್ ಹೊಡೆದ, ಗಲ್ಲದ ಪಟ್ಟಿ ಕಟ್ಟಿದ.

ಟಿಕ್.

"ಸಂಕಪ್ಪಣ್ಣ... ಬಿಗಿ ಆಯ್ತು."

"ಬಿಚ್ಚು."

"ಬಿಚ್ಚುವುದಿಲ್ಲ... ಅಣ್ಣಾ... ಬಿಚ್ಚುವುದಿಲ್ಲ!"

ಕಿರ್ರ್ ಅಂತ ಚರ್ಮ ಎಳೆಯಿತು. ಟೆರೆನ್ಸ್ ಓಡಿದ, ಓಡಿ ತಲೆಯ ಎಡಭಾಗವನ್ನು ಗೋಡೆಗೆ ಚಚ್ಚಿದ. ಧಡ್. ಧಡ್. ಧಡ್. ತಾನಾಗಿ ಚಚ್ಚಿಕೊಂಡದ್ದಲ್ಲ, ಯಾರೋ ಹಿಂದಿನಿಂದ ಕುತ್ತಿಗೆ ಹಿಡಿದು ಚಚ್ಚಿದ ಹಾಗೆ. ಬಿಳಿ ಗೋಡೆ ಕೆಂಪಾಯಿತು. ಒಂದು ಹಲ್ಲು ಟಣ್ ಅಂತ ನೆಲಕ್ಕೆ ಬಿತ್ತು. ಸಂಕಪ್ಪಣ್ಣ ಅವನನ್ನು ಕೆಡವಿ, ಎದೆಯ ಮೇಲೆ ಕೂತು, ಇಕ್ಕಳ ಹಾಕಿ ಬಕಲ್ ಕಿತ್ತ. ಎಡಗಿವಿಯಿಂದ ರಕ್ತ ಕಾಲರಿನೊಳಗೆ ಇಳಿಯುತ್ತಿತ್ತು.

ಟೆರೆನ್ಸ್ ಅವನ ಅಂಗಿ ಹಿಡಿದ. "ತೂತು ಎಲ್ಲಿ? ಒಳಗೆ ಒಬ್ಬ ಇದ್ದಾನೆ ಅಣ್ಣಾ... ಹೊರಗೆ ಹೋಗಲಿಕ್ಕೆ ತೂತು ಹುಡುಕ್ತಾ ಇದ್ದಾನೆ."

ಇಷ್ಟು ಬಿಡಿಸಿ ಹೇಳಿದರೂ ಸಂಕಪ್ಪಣ್ಣನ ತಲೆಗೆ ಹೋಗಲಿಲ್ಲ. ಅವನಿಗೆ ಕಂಡದ್ದು ಎಡಗಿವಿಯ ರಕ್ತ ಮಾತ್ರ. ತಮ್ಮನೇ, ಸಂಶಯವೇ ಇಲ್ಲ ಅಂದುಕೊಂಡ. ಬಾತ್‌ರೂಮಿನಲ್ಲಿ ಜಾರಿ ಬಿದ್ದ ಅಂತ ಆಸ್ಪತ್ರೆಯಲ್ಲಿ ಸುಳ್ಳು ಹೇಳಿ, ಟೆರೆನ್ಸನನ್ನು ಅಲ್ಲಿ ಮಲಗಿಸಿ, ರಾತ್ರಿ ಒಂದು ಗಂಟೆಗೆ ಮನೆಗೆ ಬಂದ.

"ನಾಳೆ ಬೆಳಿಗ್ಗೆ ಅದು ಈ ಮನೆಯಲ್ಲಿ ಇರಬಾರದು," ಅತ್ತಿಗೆ ಹೊಲಿಗೆ ಹಾಕಿದ ತುಟಿಯಲ್ಲಿ ಹೇಳಿದರು.

"ತಮ್ಮನನ್ನು ಎರಡನೇ ಸಲ ರಸ್ತೆಗೆ ಹಾಕುವುದಾ ಕುಸುಮಾ?"

ಅತ್ತಿಗೆ ಮಗ್ಗುಲು ತಿರುಗಿ ಮಲಗಿದರು.

ಎರಡು ಗಂಟೆ ಹತ್ತು ನಿಮಿಷ. ಗುಂಯ್ಯ್... ಬಂತು. ಮನೆಯ ಮೇಲೆ ಬಂತು. ನಿಂತಿತು. ಸಂಕಪ್ಪಣ್ಣ ಪಕ್ಕಕ್ಕೆ ಕೈ ಹಾಕಿದ. ಹಾಸಿಗೆ ಖಾಲಿ.

ಅಡುಗೆಮನೆಯಿಂದ ಸದ್ದು. ಟಪ ಟಪ ಟಪ ಟಪ... ಟೈಲ್ಸಿನ ಮೇಲೆ ಹಿಮ್ಮಡಿ ಬಡಿಯುವ ಸದ್ದು.

ಓಡಿ ಲೈಟ್ ಹಾಕಿದ. ಅತ್ತಿಗೆ ನೆಲದಲ್ಲಿದ್ದರು. ಗಲ್ಲದ ಪಟ್ಟಿ ಅವರ ಕುತ್ತಿಗೆಗೆ ಬಿಗಿದಿತ್ತು. ಟೊಪ್ಪಿ ಅವರ ಬೆನ್ನ ಹಿಂದೆ, ಖಾಲಿಯಲ್ಲ... ಉಬ್ಬಿತ್ತು. ಒಳಗೆ ತಲೆ ಇದ್ದ ಹಾಗೆ. ಅದು ಅವರನ್ನು ಹಿಂದಕ್ಕೆ ಹಿಂದಕ್ಕೆ ಎಳೆಯುತ್ತಿತ್ತು. ಮುಖ ನೇರಳೆ ಬಣ್ಣಕ್ಕೆ ತಿರುಗಿತ್ತು.

"ಲಕ್ಷಿತಾ, ಬಿಡು!"

ಟಿಕ್. ಪಟ್ಟಿ ಇನ್ನೊಂದು ತೂತು ಬಿಗಿಯಿತು.

"ನನ್ನನ್ನು ಹಿಡಿ ಲಕ್ಷಿತಾ!"

ಟಿಕ್. ಮತ್ತೊಂದು.

ಹೆಸರು ಹೇಳಿದಷ್ಟು ಸಲ ಟಿಕ್. ಅತ್ತಿಗೆಯ ಕಣ್ಣು ಹೊರಗೆ ಬಂದಿತ್ತು. ಆ ಕಣ್ಣಿನಿಂದ ಗಂಡನನ್ನೇ ನೋಡಿ ತುಟಿ ಅಲ್ಲಾಡಿಸಿದರು. ಸ್ವರ ಬರಲಿಲ್ಲ. ಆದರೂ ಅವನಿಗೆ ತಿಳಿಯಿತು. 'ಅವನಲ್ಲ.'

ಅತ್ತಿಗೆ ಅಂದರೆ ಪ್ರಾಣ ಲಕ್ಷಿತನಿಗೆ. ಅವನು ಇವಳ ಕುತ್ತಿಗೆ ಹಿಡಿಯುತ್ತಾನಾ? ಒಂದು ವರ್ಷದಿಂದ ಮುಚ್ಚಿದ್ದ ಬುದ್ಧಿ ಆಗ ತೆರೆಯಿತು. ತಾನು ತಮ್ಮನ ಹೆಸರು ಹೇಳಿ, ತಮ್ಮನ ಮಣೆಯಲ್ಲಿ ಕೂರಿಸಿ ಉಣ್ಣಿಸಿದ್ದು ಬೇರೆ ಯಾರಿಗೋ, ಆ ಟೊಪ್ಪಿಯಲ್ಲೇ ಸತ್ತ ವಿಮಾನದವನಿಗೆ. ಹೊರಗೆ ಹೋಗಲು ಇದ್ದ ಒಂದೇ ತೂತನ್ನು ಹೊಲಿದದ್ದೂ ತಾನೇ. ಅದನ್ನು ಕಳಿಸುವ ಮಾತು ಅವನಿಗೆ ಗೊತ್ತಿತ್ತು. ಆದರೆ ಉಂಡದ್ದು ಲಕ್ಷಿತನ ಎಲೆಯಲ್ಲಿ... ಎಲೆ ಇಲ್ಲ ಅಂದರೆ ಇಬ್ಬರಿಗೂ ಇಲ್ಲ.

ಟಪ... ಟಪ... ಹಿಮ್ಮಡಿಯ ಸದ್ದು ನಿಧಾನ ಆಯಿತು.

ಸಂಕಪ್ಪಣ್ಣ ಪಾತ್ರೆಗೆ ಕೈ ಹಾಕಿದ. ಒಂದು ಹಿಡಿ ಅನ್ನ ತೆಗೆದು ನೆಲಕ್ಕೆ ಬಡಿದ.

"ಇದು ಕಡೆಯ ತುತ್ತು. ತಿಂದು ಹೋಗು. ಈ ಮನೆಯಲ್ಲಿ ಮೂರನೇ ಎಲೆ ಇಲ್ಲ. ನಿನಗೂ ಇಲ್ಲ..." ಸ್ವರ ಒಡೆಯಿತು. "ಲಕ್ಷಿತನಿಗೂ ಇಲ್ಲ."

ಪಟ್ಟಿ ಒಂದು ಕ್ಷಣ ಸಡಿಲಾಯಿತು. ಅಷ್ಟು ಸಾಕಾಯಿತು ಅವನಿಗೆ. ಎಡಗೈಯಲ್ಲಿ ಟೊಪ್ಪಿ ಒತ್ತಿಹಿಡಿದು ಬಲಗೈಯಲ್ಲಿ ತರಕಾರಿ ಚೂರಿ ಎತ್ತಿ ತೇಪೆಯ ಹೊಲಿಗೆಗೆ ಇಳಿಸಿದ. ಅದು ಒದ್ದಾಡಿತು. ಹಂದಿ ಕಡಿಯುವಾಗ ಒದ್ದಾಡುತ್ತದಲ್ಲ, ಹಾಗೆ. ಪಟ್ಟಿ ಅತ್ತಿಗೆಯನ್ನು ಬಿಟ್ಟು ಇವನ ಎಡಗೈಗೆ ಸುತ್ತಿ ಎಳೆಯಿತು. ಕಟ್... ಕಟ್. ಎರಡು ಬೆರಳು ಹೋಯಿತು. ಚೂರಿಗೆ ಹೋಯಿತೋ ಪಟ್ಟಿಗೆ ಹೋಯಿತೋ, ಕೇಳಿದರೆ ಅವನಿಗೇ ಗೊತ್ತಿಲ್ಲ. ಅವನು ಕೊಯ್ಯುವುದು ನಿಲ್ಲಿಸಲಿಲ್ಲ. ದಾರ ಪಟಪಟ ಹರಿಯಿತು. ತೇಪೆ ಬಿತ್ತು.

ಸೀಈಈಈ...

ಟಯರಿನ ಗಾಳಿ ಬಿಟ್ಟ ಹಾಗೆ. ಸುಟ್ಟ ಎಣ್ಣೆಯ ವಾಸನೆ ಬಂತು. ಕಿಟಕಿಯಿಂದ ಗುಂಯ್ಯ್ ಅಂತ ಸಮುದ್ರದ ಕಡೆಗೆ ಹೋಯಿತು, ಸಣ್ಣದಾಯಿತು, ನಿಂತಿತು. ಟೊಪ್ಪಿ ಅವನ ಕೈಯಲ್ಲಿ ಚಪ್ಪಟೆಯಾಯಿತು. ನೆಲದಲ್ಲಿ ರಕ್ತ ಇತ್ತು. ಅನ್ನ ಇರಲಿಲ್ಲ.

ಅತ್ತಿಗೆ ಒಮ್ಮೆ ಗೊರ್ ಅಂತ ಉಸಿರು ಎಳೆದರು. ಸಂಕಪ್ಪಣ್ಣ ಕೈಗೆ ಬಟ್ಟೆ ಬಿಗಿದು, ಅವರನ್ನು ತಬ್ಬಿ ಬೆಳಗಿನವರೆಗೆ ಅತ್ತ. ಹೆಂಡತಿ ಬದುಕಿದಳು ಅಂತ ಎಷ್ಟು ಅತ್ತನೋ, ತಮ್ಮನಿಗೆ ಬಾಗಿಲು ಹಾಕಿದೆ ಅಂತ ಎಷ್ಟು ಅತ್ತನೋ.

ತೂತು ಮುಚ್ಚಲಿಕ್ಕೆ ಆಗುವುದಿಲ್ಲ ಅಂತ ಬರ್ಕಾದ ಅರ್ಬಾಬನಿಗೆ ಹೇಳಿ ಟೊಪ್ಪಿ ಕೊಟ್ಟುಬಿಟ್ಟ. ಖಲಾಸ್. ಟೆರೆನ್ಸನಿಗೆ ಈಗಲೂ ಎಡಗಿವಿ ಕೇಳುವುದಿಲ್ಲ, ಬೇಕಾದರೆ ಹೋಗಿ ಎಡಗಡೆಯಿಂದ ಕರೆದು ನೋಡಿ. ಅತ್ತಿಗೆಯ ಕುತ್ತಿಗೆಯಲ್ಲಿ ಬಕಲಿನ ಗುರುತು ಹಾಗೇ ಉಂಟು, ಸೆರಗು ಹೊದ್ದು ಮುಚ್ಚುತ್ತಾರೆ.

ಹೋದ ವರ್ಷ ಆಟಿಯಲ್ಲಿ ನಾನೂ ಆ ಮನೆಯಲ್ಲಿದ್ದೆ. ಎರಡೇ ಎಲೆ ಹಾಕಿದ್ದು. ಎಲೆಯೇ ಇಲ್ಲದ ಮೇಲೆ ಮೀನು ಯಾರಿಗೆ ಅಂತ ಅತ್ತಿಗೆ ಮೀನೇ ತಂದಿರಲಿಲ್ಲ, ಕೋಳಿ ಮಾತ್ರ. ಸಂಕಪ್ಪಣ್ಣ ಅಪ್ಪನನ್ನು ಕರೆದ, ಅಮ್ಮನನ್ನು ಕರೆದ. ಮೂರನೇ ಸಲ ಬಾಯಿ ತೆರೆದು ಹಾಗೇ ಮುಚ್ಚಿದ. ಬಾಗಿಲು ಎಳೆದ. ಹೊರಗೆ ಕೂತೆವು. ಒಳಗೆ ಒಂದು ಸದ್ದೂ ಇಲ್ಲ. ಕೆಮ್ಮಿ ಬಾಗಿಲು ತೆರೆದದ್ದು ನಾನೇ.

ಎರಡೂ ಎಲೆ ಇದ್ದ ಹಾಗೇ ಇತ್ತು. ಅದರ ಪಕ್ಕ, ಮೊದಲು ಮೂರನೇ ಎಲೆ ಹಾಕುತ್ತಿದ್ದ ಬರೀ ನೆಲದಲ್ಲಿ, ಒಂದು ಬಂಗುಡೆಯ ನಡುಮುಳ್ಳು ಮಲಗಿತ್ತು. ಇಡಿಯಾಗಿ. ಒಂದು ಕಡ್ಡಿಯೂ ಮುರಿದಿರಲಿಲ್ಲ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅದನ್ನು ಎತ್ತಿದ ಕೈ ಇದೇ... ಮುಳ್ಳು ಇನ್ನೂ ಬೆಚ್ಚಗಿತ್ತು.