ಐಸಮ್ಮನನ್ನು ಹೊತ್ತ ಮಂಚ

ಅಲ್ಲ, ಆ ಸನ್ಮಾನದ ಶಾಲು ಬೇಡ ಅಂದದ್ದು ಸೊಕ್ಕಿನಿಂದ ಅಲ್ಲ ಮಕ್ಕಳೇ, ಸೊಕ್ಕು ಅಂತ ಯಾರು ಹೇಳಿದ್ದು ನಿಮಗೆ? ನಿಮ್ಮ ಅಪ್ಪನಾ? ಅವನಿಗೆ ಎಂತ ಗೊತ್ತುಂಟು, ಅವನು ಆ ದಿನ ಕಾಸರಗೋಡು ಪೇಟೆಯಲ್ಲಿ ಸಿಕ್ಕಿಬಿದ್ದಿದ್ದ. ಹೊಳೆ ನೋಡಿದವಳು ನಾನು. ಬೆಳಿಗ್ಗೆ ಹತ್ತು ಗಂಟೆ, ಅಲ್ಲ, ಹತ್ತಾಗಿರ್ಲಿಲ್ಲ, ಬೀಡಿಯ ಎಲೆ ಕತ್ತರಿಸ್ತಾ ಕೂತಿದ್ದೆ. ಮೊಬೈಲಿಗೆ ಮೆಸೇಜು ಬಂತು, ಹೊಳೆ ಏರ್ತದೆ, ದಡದವರು ಕೂಡಲೇ ಮೇಲೆ ಹೋಗಿ ಅಂತ. ಪೂರ್ತಿ ಮಲಯಾಳದಲ್ಲಿ! ದಡದ ಮನೆಗಳಲ್ಲಿ ಅದನ್ನು ಓದುವವರು ಎಷ್ಟು ಜನ? ನನಗೆ ಓದ್ಲಿಕ್ಕೆ ಬರ್ತದೆ. ಶಾಲೆಗೆ ಹೋದದ್ದು ಮೂರನೇ ಕ್ಲಾಸು, ಕನ್ನಡ ಕಲಿತದ್ದು ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಪೇಪರಲ್ಲಿ, ಮಲಯಾಳ ಕಲಿಸಿದ್ದು ಪಂಚಾಯತ್ ಆಫೀಸಿನವರು, ನನ್ನ ಕನ್ನಡ ಅರ್ಜಿ ವಾಪಸು ಕೊಟ್ಟು ಕೊಟ್ಟು. ಎಂತ ಅರ್ಜಿ ಗೊತ್ತುಂಟಾ? ಎಚ್ಚರಿಕೆಯನ್ನು ಕನ್ನಡದಲ್ಲೂ ಕೊಡಿ, ನಮ್ಮ ವಾರ್ಡಿಗೆ ಒಂದು ಸ್ಟ್ರೆಚರ್ ಕೊಡಿ. ಇಷ್ಟೇ. ಚಂದ್ರನನ್ನು ಕೇಳಿದ್ದಲ್ಲ.

ಸ್ಟ್ರೆಚರ್ ಯಾಕೆ ಅಂದ್ರೆ ಐಸಮ್ಮ. ತೋಡಿನ ಆಚೆ ಮನೆಯ ಐಸಮ್ಮ, ನನ್ನೊಟ್ಟಿಗೆ ಮೂವತ್ತು ವರ್ಷ ಬೀಡಿ ಕಟ್ಟಿದವಳು. ಸೊಂಟದ ಎಲುಬು ಮುರಿದು ನಾಲ್ಕು ತಿಂಗಳಿಂದ ಮಲಗಿದಲ್ಲೇ. ಕುರ್ಚಿಯಲ್ಲಿ ಕೂರಿಸಿ ಎತ್ತಿದ್ರೆ ಜೀವವೇ ಹೋಗುವ ಹಾಗೆ ಬೊಬ್ಬೆ. ಮಗ ದುಬಾಯಿಯಲ್ಲಿ, ಮನೆಯಲ್ಲಿ ಸೊಸೆ ನಸೀಮ ಒಬ್ಬಳೇ. ನಾನು ಓಡಿ ಹೋಗಿ ನೋಡ್ತೇನೆ, ನೀರು ಅಂಗಳಕ್ಕೆ ಬಂದಾಗಿದೆ. ಜೀಪು ಬರ್ಲಿಕ್ಕೆ ದಾರಿ ಇಲ್ಲ. ಇಬ್ಬರು ಹೆಂಗಸರು ಎಂತ ಮಾಡುದು? ಪಕ್ಕದಲ್ಲೇ ಪಳ್ಳಿ, ಮಸೀದಿ, ಅಲ್ಲಿಗೆ ಓಡಿದೆ. "ಉಸ್ತಾದರೇ, ಮೈಕು ಹಾಕಿ!" ಅವರು ಹೆದರಿದ್ರು. "ಎಂತ ಹೇಳುದು ಲಲಿತಕ್ಕ?" "ದಡದವರೆಲ್ಲ ಗುಡ್ಡೆ ಹತ್ತಿ ಅಂತ. ಬ್ಯಾರಿ ಭಾಷೆಯಲ್ಲಿ ನೀವು ಹೇಳಿ, ಕನ್ನಡ ತುಳು ನನಗೆ ಬಿಡಿ."

ಇಬ್ಬರೂ ಗಂಟಲು ಹರಿಯುವ ಹಾಗೆ ಕೂಗಿದೆವು. ಆದದ್ದೆಂತ ಗೊತ್ತುಂಟಾ? ದಡದವರು ಮೇಲೆ ಹೋಗುದು ಬಿಡಿ, ಗುಡ್ಡೆಯ ಮೇಲಿದ್ದವರೂ ಕೆಳಗೆ ಇಳಿದು ಬಂದ್ರು ಮಾರಾಯ! ನಮಾಜಿಗೆ ಕರೆಯುವ ಬಾಂಗಿನ ಹೊತ್ತಲ್ಲದ ಹೊತ್ತಿಗೆ ಪಳ್ಳಿಯ ಮೈಕು ಕೂಗಿದ್ರೆ ನಮ್ಮೂರಲ್ಲಿ ಒಂದೇ ಅರ್ಥ, ಯಾರೋ ತೀರಿಹೋದ್ರು. ಆ ಮಳೆಯಲ್ಲಿ ಮಾತು ಯಾರಿಗೆ ಕೇಳ್ತದೆ, ಮೈಕಿನ ಸದ್ದು ಮಾತ್ರ ಕೇಳಿದ್ದು. ಟೊಪ್ಪಿ ಹಾಕಿ, ಕೊಡೆ ಹಿಡಿದು, ಸಪ್ಪೆ ಮುಖ ಮಾಡಿಕೊಂಡು ಬಂದ್ರು. ನಮ್ಮ ತುಳುವರೂ ಬಂದ್ರು. ಹೆಣ ಹೊರುವ ಮಂಚವನ್ನೂ ಆಗಲೇ ನಾಲ್ಕು ಜನ ಹೊರಗೆ ತೆಗೆದಾಗಿತ್ತು. "ಯಾರು ಹೋದದ್ದು ಲಲಿತಕ್ಕ?" "ಇನ್ನು ಹತ್ತು ನಿಮಿಷ ಇಲ್ಲಿ ನಿಂತ್ರೆ ನೀವೇ ಹೋಗುದು!" ತಪ್ಪು ನನ್ನದೇ, ಸುಳ್ಳು ಯಾಕೆ ಹೇಳ್ಲಿ. ಇಡೀ ಜನ್ಮ ಬೀಡಿ ಯೂನಿಯನ್ನಿನ ಮೈಕು ಹಿಡಿದು ಬೊಬ್ಬೆ ಹಾಕಿದವಳು, ಮೈಕಲ್ಲಿ ಹೇಳಿದ್ರೆ ಜನಕ್ಕೆ ಮುಟ್ಟಿತು ಅಂತ ಎಣಿಸಿದ್ದೆ. ಕೂಡಲೇ ಬೈದು ಕಳಿಸಿದೆ, ಇಬ್ಬಿಬ್ಬರು ಒಂದೊಂದು ಮನೆಗೆ ಹೋಗಿ, ಬಾಗಿಲು ತಟ್ಟಿ, ಕೈ ಹಿಡಿದು ಕರ್ಕೊಂಡು ಹೋಗಿ ಅಂತ. ಮತ್ತೆ ಆ ಮಂಚ ನೋಡಿದೆ. ನಾಲ್ಕು ಕಾಲು, ನಾಲ್ಕು ಹಿಡಿ. ಇನ್ನೆಂತ ಬೇಕು?

"ಬೇಡ, ಬೇಡ" ಅಂದ ಒಬ್ಬ, "ಮಯ್ಯತ್ತಿನ ಮಂಚ ಅದು, ಜೀವ ಇದ್ದವರನ್ನು ಮಲಗಿಸ್ಲಿಕ್ಕಿಲ್ಲ." ಉಸ್ತಾದರು ಅವನನ್ನು ನೋಡಿದ್ರು. "ಜೀವ ಉಳಿಸ್ಲಿಕ್ಕೆ ಇದು ಆಗುದಿಲ್ಲ ಅಂತ ಯಾವ ಕಿತಾಬಲ್ಲಿ ಉಂಟು? ಹಿಡಿ ಆ ಕಾಲು." ಹೊತ್ತುಕೊಂಡು ಹೋದೆವು. ನೀರು ಒಳಗೆ ಬಂದಾಗಿದೆ, ಐಸಮ್ಮನ ಹಾಸಿಗೆಯ ಅಂಚು ಒದ್ದೆ. ಮಂಚ ಕಂಡದ್ದೇ ಕಂಡದ್ದು, ಶುರು ಮಾಡಿದ್ಲು. "ಯಾ ಅಲ್ಲಾ, ನನಗೆ ಜೀವ ಉಂಟು! ಇದರಲ್ಲಿ ಹೋದವರು ಯಾರಾದ್ರೂ ವಾಪಸು ಬಂದದ್ದುಂಟಾ?" ನಸೀಮ ಅಳ್ತಾಳೆ, ನೀರು ಏರ್ತಾ ಉಂಟು, ಇವಳು ಕಂಬ ಹಿಡಿದುಕೊಂಡು ಬಿಡುದಿಲ್ಲ. ನಾನು ಎಂತ ಮಾಡಿದೆ? ಒದ್ದೆ ಸೀರೆಯಲ್ಲೇ ಆ ಮಂಚದಲ್ಲಿ ಉದ್ದಕ್ಕೆ ಮಲಗಿದೆ. "ನೋಡು ಐಸಮ್ಮ, ನಾನು ಸತ್ತೆನಾ?" ಅವಳು ಕಂಬ ಬಿಟ್ಲು. "ನೀನು ಅಷ್ಟು ಸುಲಭಕ್ಕೆ ಸಾಯುವವಳಲ್ಲ. ಏಳು, ಜಾಗ ಬಿಡು."

ಸೊಂಟದವರೆಗೆ ನೀರು, ಕಾಲಡಿಗೆ ಎಂತ ಉಂಟು ಅಂತ ಕಾಣುದಿಲ್ಲ. ಹೆಗಲಿಗೆ ಆ ಮಂಚ ಬಂದದ್ದೇ, ರೂಢಿ ನೋಡಿ, ಹೊತ್ತವರ ಬಾಯಿಂದ ತನ್ನಷ್ಟಕ್ಕೆ ಹೆಣದ ಹಿಂದೆ ಹೇಳುವ ದಿಕ್ರ್ ಬಂತು. ಮೇಲಿಂದ ಐಸಮ್ಮ, "ಅದನ್ನು ನನಗೆ ಉಳಿಸಿಡಿ ಮಕ್ಕಳೇ, ಈಗ ಕಾಲು ನೋಡಿ ನಡೀರಿ!" ಗುಡ್ಡೆಯ ಶಾಲೆಯ ಜಗಲಿಗೆ ಮುಟ್ಟಿಸಿ ತಿರುಗಿ ನೋಡಿದ್ರೆ ಅವಳ ಮನೆಯ ಹಿಂದಿನ ಗೋಡೆ ಇಲ್ಲ. ಹೋಗಿತ್ತು.

ನೀರು ಇಳಿದ ಮೇಲೆ ಆ ಆಫೀಸಿನವರು ಬಂದ್ರು, ಶಾಲು ಹಿಡಿದುಕೊಂಡು, ಫೋಟೋದವನನ್ನೂ ಕರ್ಕೊಂಡು. ಸ್ಟ್ರೆಚರ್ ಎಲ್ಲಿ ಅಂತ ಕೇಳಿದೆ. "ಅರ್ಜಿ ಕೊಡಿ ಅಮ್ಮಾ" ಅಂದ್ರು. ಶಾಲು ವಾಪಸು ಕೊಟ್ಟೆ. ಸೊಕ್ಕಂತೆ! ಸ್ಟ್ರೆಚರ್ ಇನ್ನೂ ಬರ್ಲಿಲ್ಲ, ನಾನು ಬಿಟ್ಟದ್ದೂ ಇಲ್ಲ, ನಾಳೆ ಪುನಃ ಹೋಗ್ತೇನೆ. ಕೇಳ್ತಾ ಉಂಟಾ, ಮಳೆ ಜೋರಾಯ್ತು. ಎಷ್ಟು ಹೊತ್ತು ಕೂರುದು ಇಲ್ಲಿ? ಪಕ್ಕದ ಮನೆಯಲ್ಲಿ ಏಳ್ಲಿಕ್ಕಾಗದವರು ಯಾರಿದ್ದಾರೆ ಅಂತ ಬಿಸಿಲಿರುವಾಗಲೇ ತಿಳ್ಕೊಂಡಿರ್ಬೇಕು, ಅಷ್ಟೇ. ಏಳಿ, ಐಸಮ್ಮ ಗಂಜಿ ಕುಡಿದ್ಲಾ ಕೇಳಿ ಬನ್ನಿ. ಮೊಬೈಲು ಇಲ್ಲೇ ಇಡಿ. ನಡೆದುಕೊಂಡು ಹೋಗಿ.