ಬಾವಿ ಪಕ್ಕದ ಮೆತ್ತನೆ ಮಣ್ಣು

ರಾತ್ರಿ ಒಂಬತ್ತೂವರೆ. ಹಳೇ ಬಾವಿ ದಾಟಿ ಒಬ್ಬನೇ ಮನೆಗೆ ಬರ್ತಿದ್ದ ನಮ್ಮ ಭಾವ. ಇಂಥ ಮೈಗಳ್ಳನ ಹತ್ತಿರ ದೆವ್ವಾನೂ ಸುಳಿಯಲ್ಲ ಅಂದ್ಕೊಂಡಿದ್ದೆ... ಸುಳಿಯಿತು.

ಅವನ ಕೆಲಸ ಮಣ್ಣು ಅಳೆಯೋದು. ಗಾಳಿಯಂತ್ರಗಳ ಕರೆಂಟು ನೆಲದೊಳಗಿನ ಕೇಬಲಲ್ಲಿ ಬರುತ್ತಲ್ಲ, ಆ ಕೇಬಲು ಬಿಸಿಯಾಗುತ್ತೆ. ಹಸಿ ಮಣ್ಣು ಬಿಸಿಯನ್ನ ಆಚೆ ಸಾಗಿಸುತ್ತೆ. ಕಲ್ಲುಪುಡಿಯಂಥ ಒಣ ಗರಸು ಮಾತ್ರ ಕಂಬಳಿ ಹೊದಿಸಿದ ಹಾಗೆ ಹಿಡಿದಿಟ್ಟುಕೊಳ್ಳುತ್ತೆ, ಕೇಬಲು ಒಳಗೇ ಬೆಂದು ಸಿಡಿಯುತ್ತೆ. ಅದಕ್ಕೇ ಇಪ್ಪತ್ತು ಕಡೆ ಮೀಟರಿನ ಸೂಜಿ ಚುಚ್ಚಿ, ಒಂದೊಂದು ಕಡೆ ಅರ್ಧ ಗಂಟೆ ಕೂತು ಅಳೆಯಬೇಕು. ಈ ಮಹಾನುಭಾವ ಬಾವಿ ಪಕ್ಕ ಮಣ್ಣು ಮೆತ್ತಗಿದೆ, ನೆರಳೂ ಇದೆ ಅಂತ ಅಲ್ಲೊಂದು ಸಲ ಚುಚ್ಚಿದ. ಅದನ್ನೇ ಅಷ್ಟಿಷ್ಟು ತಿರುಚಿ ಅಳತೆ ಪುಸ್ತಕದಲ್ಲಿ ಇಪ್ಪತ್ತಕ್ಕೂ ಬರೆದ! "ಮಣ್ಣು ಅಂದ್ರೆ ಮಣ್ಣು ಕಣೋ" ಅಂತ ನನಗೇ ಬುದ್ಧಿ ಹೇಳಿದ. ಆ ಕೇಬಲಿನ ಪಕ್ಕ ಗುಂಡಿಗಿಳಿದು ಜೋಡಣೆ ಮಾಡೋನು ನನ್ನ ತಮ್ಮ, ಇವನ ಸ್ವಂತ ಬಾಮೈದ. ನಾಚಿಕೆ ಬೇಡವಾ?

ಬಾವಿ ದಾಟಿದ್ದೇ ತಡ, ಕೇಬಲಿಗೆ ತೋಡಿದ್ದ ಟ್ರೆಂಚಿನ ಕಡೆಯಿಂದ ಸದ್ದು. ಕರ್ರ್... ಕರ್ರ್... ಗರಸಿನೊಳಗೆ ಸೂಜಿ ಇಳಿಯೋ ಸದ್ದು. ಆಮೇಲೆ ಮೀಟರಿನ ಸಣ್ಣ "ಪೀಂ". ಮೀಟರು ಆಫೀಸಿನಲ್ಲಿ ಬೀಗದೊಳಗಿತ್ತು.

ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು. ಭಾವನಿಗೆ ಕೆಲಸ ಕಲಿಸಿದ ಸೂಜಿ ತಾತ. ತೀರಿಕೊಂಡು ವರ್ಷವಾಗಿತ್ತು.

"ಇಲ್ಲಿ ಎಷ್ಟು ಬಂತು?" ಪಿಸುಗುಟ್ಟಿದರು.

"ತಾ... ತಾತ..."

"ಎಷ್ಟು ಬಂತು ಅಂದೆ."

"ಇಲ್ಲಿ... ಚುಚ್ಚಲಿಲ್ಲ."

"ಪುಸ್ತಕ ಇಟ್ಟು ಹೋಗು."

ಓಡಿದ ನೋಡಿ! ಪುಸ್ತಕ ಅಲ್ಲೇ ಬಿತ್ತು. ಅಕ್ಕ ಹೇಳಿ ಕಳಿಸಿದಳು ಅಂತ ನಾನು ಹೋದಾಗ ಕಂಬಳಿಯೊಳಗೆ ಹಲ್ಲು ಕಟಕಟ ಅಂತಿತ್ತು. ಇದ್ದದ್ದೆಲ್ಲ ಬಾಯಿಬಿಟ್ಟ. ಬೆಳಗಿನ ತನಕ ಪಕ್ಕದಲ್ಲೇ ಕೂತಿದ್ದೆ.

"ಬೆಳಗ್ಗೆ ಎದ್ದ ತಕ್ಷಣ ಒಪ್ಪಿಕೋ ಭಾವ, ತಮ್ಮ ಗುಂಡಿಗೆ ಇಳೀತಾನೆ" ಅಂದೆ. ಗೋಡೆ ಕಡೆ ಮಗ್ಗುಲಾದ.

ಎಂಟಕ್ಕೆ ಇಂಜಿನಿಯರು ಪುಸ್ತಕ ಹಿಡಿದು ಮನೆಗೇ ಬಂದರು. ಟ್ರೆಂಚಿನ ಹತ್ತಿರ ಸಿಕ್ಕಿತಂತೆ. "ಭೇಷ್ ಕಣ್ರೀ! ರಾತ್ರಿಯೆಲ್ಲ ನಿದ್ದೆಗೆಟ್ಟು ಮತ್ತೆ ಅಳೆದಿದ್ದೀರ. ಬಾವಿ ಹತ್ತಿರ ಬಿಟ್ರೆ ಎಲ್ಲಾ ಒಣ ಗರಸು. ಬೇರೆ ಮಣ್ಣು ತುಂಬಿಸೋ ತನಕ ಯಾರೂ ಗುಂಡಿಗೆ ಇಳಿಯೋದು ಬೇಡ."

ಭಾವ ಕಂಬಳಿ ಸರಿಸಿ ಎದ್ದು ಕೂತ. ಆಮೇಲೆ... "ಏನೋ ಸಾರ್, ನನ್ನ ಕರ್ತವ್ಯ" ಅಂದ! ಇವತ್ತಿಗೂ ಹಾಗೇ ಕೊಚ್ಚಿಕೊಳ್ತಾನೆ. ಥೂ!

ಆ ಪುಸ್ತಕ ಇದೇ ಕಣ್ಣಲ್ಲಿ ನೋಡಿದೀನಿ. ಹತ್ತೊಂಬತ್ತು ಸಾಲಿಗೆ ಗೀಟು, ಪಕ್ಕದಲ್ಲಿ ಹೊಸ ಲೆಕ್ಕ. ಅರ್ಧ ಗಂಟೆಗೊಂದರಂತೆ ವೇಳೆ. ಮೊದಲನೇದು ರಾತ್ರಿ ಹತ್ತು, ಕೊನೇದು ಬೆಳಗ್ಗೆ ಏಳು. ಎಲ್ಲಾ ಭಾವನದೇ ಅಕ್ಷರ. ಏಳು ಗಂಟೆಗೆ ಅವನ ಬಾಯಿಗೆ ಬಿಸಿನೀರು ಹಿಡಿದಿದ್ದೋನು ನಾನೇ... ನಡೆದದ್ದು ಇದು.