ಹದಿನಾಲ್ಕನೇ ಬೆಡ್ಡಿನ ಅಲಾರಂ

ನಗಬೇಡಿ. ಇದು ನಮ್ಮ ದೊಡ್ಡಪ್ಪನ ಮಗಳಿಗೆ ಆದದ್ದು. ಅಕ್ಕ ಸುಳ್ಳು ಹೇಳುವ ಪೈಕಿ ಅಲ್ಲ. ಸುಳ್ಳಿಗೆ ಸಹಿ ಹಾಕು ಅಂದದ್ದಕ್ಕೇ ಇಷ್ಟೆಲ್ಲ ಆಯಿತು.

ಆಸ್ಪತ್ರೆಯೊಂದರ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಅವಳದು. ಅವತ್ತು ಹೊರಟಾಗ ರಾತ್ರಿ ಒಂದೂವರೆ ದಾಟಿತ್ತು. ಹಿಂದಿನ ದಾರಿಯಲ್ಲಿ ಒಂದು ಪಾಳು ಬಾವಿ, ಅದರ ಮೇಲೆ ಕಬ್ಬಿಣದ ಜಾಲರಿ. ಅವಳಿಗೆ ಹೆದರುವಷ್ಟು ಪುರುಸೊತ್ತೂ ಇರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಚೀಲದಲ್ಲೊಂದು ಹಾಳೆ. ಬೆಳಿಗ್ಗೆ ಒಂಬತ್ತಕ್ಕೆ ಅದಕ್ಕೆ ಅವಳ ಸಹಿ ಬೀಳಬೇಕು.

ಬಾವಿಯ ಕಡೆಯಿಂದ ಸದ್ದು ಬಂತು.

ಟೀಂ… ಟೀಂ… ಟೀಂ… ಆಮೇಲೆ ಒಂದು ಗರ್‌ರ್…

ಅಕ್ಕನ ಕಾಲು ಅಲ್ಲೇ ನಿಂತಿತು. ಆ 'ಗರ್‌ರ್' ಅವಳಿಗೆ ಗೊತ್ತು. ಎರಡನೇ ಮಹಡಿಯ ಗೋಡೆಯಲ್ಲಿದ್ದ ಅಲಾರಂ ಪೆಟ್ಟಿಗೆಯದು, ಅದರ ಸ್ಪೀಕರ್ ಸೀಳಿತ್ತು. ಆ ಪೆಟ್ಟಿಗೆಯನ್ನು ಸಂಜೆ ಅವಳೇ ತಿರುಪು ಬಿಚ್ಚಿ ತೆಗೆದಿದ್ದಳು. ಈಗ ಅದು ಅವಳ ಚೀಲದಲ್ಲೇ ಇತ್ತು. ಕಿವಿಯಿಟ್ಟು ಕೇಳಿದಳು. ಪೆಟ್ಟಿಗೆ ಸುಮ್ಮನಿತ್ತು… ಸದ್ದು ನಿಲ್ಲಲಿಲ್ಲ.

ಅವಳ ಸಿಟ್ಟಿಗೆ ಕಾರಣ ಹೇಳಿಬಿಡುತ್ತೇನೆ, ನೆನೆದರೆ ನನಗೂ ಮೈ ಉರಿಯುತ್ತದೆ. ಆಸ್ಪತ್ರೆಯ ದೊಡ್ಡ ಕಂಪ್ಯೂಟರಿನೊಳಗೆ ಒಂದು ಸ್ವಿಚ್ ಇದೆ. ಕೈಗೆ ಸಿಗುವ ವಸ್ತುವಲ್ಲ, ಬರೀ ಪ್ರೋಗ್ರಾಂ. ಎಕ್ಸ್‌ರೇ ಚಿತ್ರ, ರೋಗಿಯ ಅಲಾರಂ, ಎಲ್ಲವೂ ಚೂರು ಚೂರು ಪ್ಯಾಕೆಟ್ಟಾಗಿ ಅದರ ಮೂಲಕವೇ ಹೋಗಬೇಕು. ಅದಕ್ಕೆ ಎರಡು ಮೋಡ್. ಒಂದರಲ್ಲಿ ಪ್ರತಿ ಪ್ಯಾಕೆಟ್ಟನ್ನೂ ತಡೆದು, ಪಟ್ಟಿಯಲ್ಲಿ ವಿಳಾಸ ನೋಡಿ, ದಾಖಲೆ ಬರೆದು ಬಿಡುತ್ತದೆ. ನಿಧಾನ. ಇನ್ನೊಂದರಲ್ಲಿ ಮೊದಲನೆಯದನ್ನು ಮಾತ್ರ ನೋಡುತ್ತದೆ. ಆಮೇಲೆ ಬಂದದ್ದನ್ನೆಲ್ಲ, ಗೇಟಿನ ಕಾವಲುಗಾರ ಪರಿಚಯದ ಮುಖ ಕಂಡು ಕೈ ಬೀಸುವ ಹಾಗೆ, ಹಳೆಯ ದಾರಿಗೇ ಬಿಡುತ್ತದೆ. ದಾಖಲೆಯೂ ಇಲ್ಲ.

ಅಲ್ಲಿನ ಮೇಲಧಿಕಾರಿಗೆ ಎಲ್ಲರೂ ಇಟ್ಟ ಹೆಸರು ಬೇಗಪ್ಪ. ಅವನಿಗೆ ಊಟವೂ ಬೇಗ, ಬೈಗುಳವೂ ಬೇಗ. ಎಕ್ಸ್‌ರೇ ತೆರೆಯಲು ಹೊತ್ತಾಗುತ್ತದೆ ಎಂದು ಡಾಕ್ಟರು ಗೊಣಗಿದ್ದೇ ತಡ, ಎಲ್ಲವನ್ನೂ ಬೇಗದ ಮೋಡ್‌ಗೆ ಹಾಕು ಅಂದ.

"ಚಿತ್ರಗಳಿಗೆ ಹಾಕೋಣ ಸರ್, ಅಲಾರಂಗೆ ಬೇಡ. ಬೆಡ್ ಬೇರೆ ಮಹಡಿಗೆ ಹೋದ್ರೂ ಅದು ಹಳೇ ದಾರೀನೇ ಹಿಡಿಯುತ್ತೆ. ಗಂಟೆಗೊಂದ್ಸಲ ಹಳೇದನ್ನ ಮರೆಯೋ ಹಾಗಾದ್ರೂ ಇಡೋಣ."

"ಮರೆತ್ರೆ ಮತ್ತೆ ನಿಧಾನ ಆಗಲ್ವೇನಮ್ಮಾ? ನಿನ್ನ ಪಾಠ ಆಮೇಲೆ."

ಮರೆಯುವುದನ್ನೂ ಅವನೇ ಕೂತು ನಿಲ್ಲಿಸಿದ.

ಹದಿನಾಲ್ಕನೇ ಬೆಡ್ಡಿನಲ್ಲಿ ಒಬ್ಬ ಮುದುಕ ದರ್ಜಿ. ಎರಡನೇ ಮಹಡಿಗೆ ಬಣ್ಣ ಬಳಿಯಬೇಕೆಂದು ಅವನನ್ನು ಬೆಡ್, ಮಾನಿಟರ್ ಸಮೇತ ಮೂರನೆಯದಕ್ಕೆ ಸಾಗಿಸಿದರು. ಅದೇ ರಾತ್ರಿ ಅವನ ಎದೆಬಡಿತ ತಪ್ಪಿತು. ಮಾನಿಟರಿಗೆ ಸ್ವಂತ ದನಿಯಿಲ್ಲ, ಹತ್ತೊಂಬತ್ತು ನಿಮಿಷ ಅದು ಅಲಾರಂ ಕಳಿಸಿತು, ಸೆಕೆಂಡಿಗೊಂದು ಪ್ಯಾಕೆಟ್. ಎಲ್ಲವೂ ಹೋದದ್ದು ಎರಡನೇ ಮಹಡಿಗೆ, ಬೀಗ ಹಾಕಿದ ಖಾಲಿ ವಾರ್ಡಿಗೆ. ಮೂರನೆಯದರಲ್ಲಿ, ಮುದುಕನ ಗೋಡೆಯಾಚೆ ಹತ್ತೇ ಹೆಜ್ಜೆ ದೂರದಲ್ಲಿ ಕೂತಿದ್ದ ಸಿಸ್ಟರಿಗೆ ಒಂದೂ ಕೇಳಲಿಲ್ಲ. ಮುದುಕ ಉಳಿಯಲಿಲ್ಲ.

ಬೇಗಪ್ಪ ಸಹಿಗೆಂದು ಕೊಟ್ಟ ಆ ಚೀಲದ ಹಾಳೆಯಲ್ಲಿ ಏನು ಬರೆದಿತ್ತು ಗೊತ್ತೇ? 'ಅಲಾರಂ ಮೂರನೇ ಮಹಡಿಗೆ ಸರಿಯಾಗಿ ತಲುಪಿದೆ. ಸಿಸ್ಟರ್ ಗಮನಿಸಿಲ್ಲ.' ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಎಲ್ಲಿದೆ ಸ್ವಾಮಿ ಅದು? ಮಾಡಿದವನು ಬೇಗಪ್ಪ, ಉಣ್ಣುವವಳು ಸಿಸ್ಟರ್. ಅಲ್ಲ ಅನ್ನಲು ಅಕ್ಕನ ಹತ್ತಿರ ಸಾಕ್ಷಿಯಿಲ್ಲ, ಬೇಗದ ಮೋಡ್ ಒಂದು ಸಾಲನ್ನೂ ಬರೆದಿಟ್ಟಿರಲಿಲ್ಲ. ಮರುದಿನವೇ ಅಲಾರಂಗಳನ್ನು ನಿಧಾನದ ಮೋಡ್‌ಗೆ ತಿರುಗಿಸಿದ್ದಳು. ಕೋಟೆ ಸೂರೆಹೋದ ಮೇಲೆ ಬಾಗಿಲು ಹಾಕಿದ ಹಾಗೆ.

ಟೀಂ… ಟೀಂ… ಟೀಂ… ಗರ್‌ರ್…

ಬಾವಿಯಲ್ಲಿದ್ದದ್ದು ಬರೀ ಮಾರ್ದನಿ, ಸದ್ದು ಎರಡನೇ ಮಹಡಿಯದು. ಅಕ್ಕ ಆಸ್ಪತ್ರೆಗೆ ಹಿಂದಿರುಗಿ ಓಡಿದಳು. ಎರಡನೇ ಮಹಡಿಯ ಮೆಟ್ಟಿಲಲ್ಲಿ ಸಿಸ್ಟರ್ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಅಕ್ಕಾ… ನಿಮಗೂ ಕೇಳಿಸ್ತಾ?"

"ಕೇಳಿಸ್ತು."

"ಒಳಗಿಂದ."

"ಷ್…"

ಬೀಗ ತೆಗೆದರು. ಹಸಿ ಬಣ್ಣದ ವಾಸನೆ. ಗೋಡೆಯಲ್ಲಿ ಪೆಟ್ಟಿಗೆಯಿದ್ದ ಜಾಗದಲ್ಲಿ ಎರಡು ತಿರುಪಿನ ತೂತು ಮಾತ್ರ. ಸದ್ದು ಅಲ್ಲಿಂದಲೇ. ಅಕ್ಕ ನೆಲದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು. ಪರದೆಯಲ್ಲಿ ದಾಖಲೆಯ ಸಾಲುಗಳು ಏರುತ್ತಿದ್ದವು, ಸೆಕೆಂಡಿಗೊಂದು. ಹದಿನಾಲ್ಕನೇ ಬೆಡ್‌ನಿಂದ, ಎರಡನೇ ಮಹಡಿಗೆ. ಹದಿನಾಲ್ಕನೇ ಬೆಡ್‌ನಿಂದ, ಎರಡನೇ ಮಹಡಿಗೆ.

"ಆ ಮಾನಿಟರ್ ಎಲ್ಲಿದೆ ಸಿಸ್ಟರ್?"

"ಗೋಡೌನಲ್ಲಿ… ವೈರೇ ಇಲ್ಲ ಅದಕ್ಕೆ."

ಇಬ್ಬರೂ ಸಾಲುಗಳನ್ನೇ ನೋಡುತ್ತ ಕೂತರು. ಸಾವಿರದ ನೂರ ನಲವತ್ತನೇ ಸಾಲಿಗೆ ಸದ್ದು ನಿಂತಿತು. ಹತ್ತೊಂಬತ್ತು ನಿಮಿಷಕ್ಕೆ ಸರಿಯಾಗಿ.

ನಿಶ್ಶಬ್ದ…

ಆಮೇಲೆ ಮೇಲಿನಿಂದ, ಮೂರನೇ ಮಹಡಿಯಿಂದ, ಒಂದೇ ಒಂದು ಸಲ. ಟೀಂ. ಸ್ವಚ್ಛವಾಗಿ, ಒಡಕಿಲ್ಲದೆ.

ಸಿಸ್ಟರ್ ಎದ್ದು ಓಡಿದಳು. ಹೆದರಿ ಕೆಳಗಲ್ಲ, ಮೇಲಕ್ಕೆ. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಪಟಪಟ ಕೇಳುತ್ತಲೇ ಇತ್ತು.

ಬೆಳಿಗ್ಗೆ ಅಕ್ಕ ಸಹಿಯ ಹಾಳೆಯನ್ನು ಬೇಗಪ್ಪನ ಎದುರೇ ನಾಲ್ಕಾಗಿ ಹರಿದು, ರಾತ್ರಿ ಪ್ರಿಂಟ್ ತೆಗೆದ ದಾಖಲೆಯ ಹಾಳೆಗಳನ್ನು ಮೇಜಿಗೆ ಬಡಿದಳು.

"ವೈರ್ ಇಲ್ದೇ ಇರೋ ಮಾನಿಟರಿಂದ ಇದೆಲ್ಲಿಂದ ಬಂತು?" ಅವನು ಹಾಳೆ ತಿರುವುತ್ತ ಕೇಳಿದ.

"ನೀವೇ ಹೇಳಿ ಸರ್. ಬೇಗ ಹೇಳಿ."

ಮುದುಕನ ಸಾವಿನ ವಿಚಾರಣೆಗೆ ಬಂದವರು ಅಲಾರಂ ಎರಡನೇ ಮಹಡಿಗೆ ಹೋದದ್ದು ಯಾಕೆ ಅಂತ ಕೇಳಿದರು. ಮೋಡ್ ಬದಲಾಯಿಸಿದ್ದು ಯಾರೆಂದು ಬೇಗಪ್ಪ ಬಾಯಿ ಬಿಡಲೇಬೇಕಾಯಿತು. ಸಿಸ್ಟರ್ ಕೆಲಸ ಉಳಿಯಿತು. ಅವನಿಗೆ ಆದದ್ದು ಬರೀ ವರ್ಗಾವಣೆ, ಅದೂ ಇನ್ನೂ ದೊಡ್ಡ ಕಟ್ಟಡಕ್ಕೆ. ಅವನ ಮನೆ ಹಾಳಾಗ! ಅಲ್ಲೂ ಬೇಗ ಬೇಗ ಅನ್ನುತ್ತಿದ್ದಾನಂತೆ.

ಇದು ಕಟ್ಟಿದ ಕತೆಯಲ್ಲ. ಆ ಹಾಳೆಗಳನ್ನು ಅಕ್ಕನ ಮನೆಯಲ್ಲಿ ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಕೊನೆಯದು ಸಾವಿರದ ನೂರ ನಲವತ್ತೊಂದನೇ ಸಾಲು. ಹದಿನಾಲ್ಕನೇ ಬೆಡ್‌ನಿಂದ, ಮೂರನೇ ಮಹಡಿಗೆ. ಅದರ ಮುಂದೆ, ಸಿಸ್ಟರ್ ಬಂದರು, ಅಂತಿದೆ. ಸಿಸ್ಟರ್ ಮೇಲೆ ಹೋಗಿ ಅಲಾರಂ ನಿಲ್ಲಿಸುವ ಗುಂಡಿ ಒತ್ತಿದ ಸಮಯವೂ ಇದೆ, ಅದು ಸರಿಯಾಗಿಯೇ ಇದೆ. ತಾರೀಖು ಮಾತ್ರ ಅವತ್ತಿನದಲ್ಲ… ಮುದುಕ ಸತ್ತ ರಾತ್ರಿಯದು.